ಕಲ್ಲಗಸಿಯ ಹಾಜರಿ

ಕಳೆದ ತಿಂಗಳು ನನ್ನ ಮಗಳು ನನ್ನನ್ನು ಕಲಬುರಗಿಗೆ ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ನನ್ನ ಕಿವಿಗೆ ಏನೂ ಆಗಿಲ್ಲ ಎಂದು ನಾನು ಹೇಳಿದ್ದು ಅವಳ ಕಿವಿಗೆ ಬೀಳಲಿಲ್ಲ. ಅವಳ ದೂರು ಇಷ್ಟೇ: ಬ್ಯಾಂಕಿನಲ್ಲಾಗಲಿ, ದವಾಖಾನೆಯಲ್ಲಾಗಲಿ, ಪಿಂಚಣಿ ಕಚೇರಿಯಲ್ಲಾಗಲಿ ನನ್ನ ಹೆಸರು ಕೂಗಿದರೆ ನಾನು ಏಳುವುದಿಲ್ಲ. ಎರಡನೆಯ ಸಲ ಕೂಗಿದಾಗ ಸೀರೆ ಸರಿಪಡಿಸಿಕೊಂಡು ಏಳುತ್ತೇನೆ. ಅಷ್ಟರಲ್ಲಿ ಹಿಂದಿನವರು ಮುಂದೆ ನುಗ್ಗಿರುತ್ತಾರೆ.

ಡಾಕ್ಟರು ಕಿವಿಗೆ ಏನೇನೋ ಸಿಕ್ಕಿಸಿ, ಕುಂಯ್ ಎನ್ನಿಸಿ, ಟುಂಯ್ ಎನ್ನಿಸಿ ಪರೀಕ್ಷೆ ಮಾಡಿದರು. ಕೊನೆಗೆ, "ಅಮ್ಮಾರ, ನಿಮ್ಮ ಕಿವಿ ನನ್ನ ಕಿವಿಗಿಂತ ಚೊಲೋ ಅವರಿ" ಎಂದರು.

"ಮತ್ತ ಕರದ್ರ ಯಾಕ ಏಳಂಗಿಲ್ಲ ನೀನು?" ಎಂದು ಮಗಳು ಅಲ್ಲಿಯೇ ಜಗಳಕ್ಕೆ ನಿಂತಳು.

"ಬಸ್ಸಿಗೆ ಹೊತ್ತಾತು, ನಡಿ" ಎಂದೆ.

ಅವಳ ಸಿಟ್ಟು ನ್ಯಾಯವಾದದ್ದೇ. ನಾನು ಗಡಿಯಾರದಂತೆ ಬದುಕಿದವಳು. ಈಗಲೂ ನನ್ನ ಹಾಸಿಗೆ ಸೂರ್ಯ ಬರುವ ಮೊದಲೇ ಮಡಚಿರುತ್ತದೆ. ಚಹದ ಕಪ್ಪಿನ ಕಿವಿ ಯಾವಾಗಲೂ ಬಲಕ್ಕೆ. ಒಗೆದ ಬಟ್ಟೆ ಹಗ್ಗದ ಮೇಲೆ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಹೋಗಬೇಕು; ನಡುವೆ ಒಂದು ಟವೆಲ್ಲು ನುಸುಳಿದರೂ ನನಗೆ ಊಟ ಸೇರುವುದಿಲ್ಲ. ಇಂಥವಳು ಹೆಸರು ಕೂಗಿದಾಗ ಕಲ್ಲಿನಂತೆ ಕೂತಿರುವುದೆಂದರೆ ಯಾರಿಗಾದರೂ ಸಂಶಯ ಬರುತ್ತದೆ. ನನ್ನ ಬದುಕಿನಲ್ಲಿ ಉಳಿದಿರುವ ಅಶಿಸ್ತು ಇದೊಂದೇ. ಇದು ಬಂದದ್ದು ಚಿಂಚೋಳಿಯ ಕಾಡಿನಲ್ಲಿರುವ ಒಂದು ಕಲ್ಲಿನಿಂದ.

ಕಲ್ಲಿನ ಮಾತು ಬಂದರೆ ನಾನು ಮೊದಲು ನಮ್ಮೂರಿನ ಕಲ್ಲಿನ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ನಮ್ಮೂರವರು ನನ್ನನ್ನು ಬಿಡುವುದಿಲ್ಲ. ನಾನು ಹುಟ್ಟಿದ್ದು ಶಹಾಬಾದದಲ್ಲಿ. ಅಲ್ಲಿ ನೆಲವೂ ಫರಸಿಕಲ್ಲು, ಮಾಳಿಗೆಯೂ ಫರಸಿ, ಅಡುಗೆಯ ಕಟ್ಟೆಯೂ ಫರಸಿ, ಬಟ್ಟೆ ಒಗೆಯುವುದೂ ಫರಸಿಯ ಮೇಲೆ. ಬೇಸಿಗೆಯಲ್ಲಿ ಮಧ್ಯಾಹ್ನ ನೀರು ಚಿಮುಕಿಸಿದ ಫರಸಿಯ ಮೇಲೆ ಕೆನ್ನೆ ಇಟ್ಟು ಮಲಗಿದ ಸುಖ ಇವತ್ತಿನ ಯಾವ ಯಂತ್ರದಿಂದಲೂ ಬರುವುದಿಲ್ಲ. ನಮ್ಮ ಕಡೆಯ ಕಲ್ಲು ನೆಲದೊಳಗೆ ರೊಟ್ಟಿಯ ಹಾಗೆ ಒಂದರ ಮೇಲೊಂದು ಮಲಗಿರುತ್ತದೆ. ಎಬ್ಬಿಸಿದರೆ ಚಪ್ಪಟೆಯಾಗಿಯೇ ಏಳುತ್ತದೆ. ಬಾಗುವುದು ಅದಕ್ಕೆ ಗೊತ್ತಿಲ್ಲ. ಹೆಚ್ಚು ಒತ್ತಿದರೆ ಒಡೆಯುತ್ತದೆ. ನನ್ನ ಸ್ವಭಾವವೂ ಹಾಗೆಯೇ ಎಂದು ನನ್ನ ಮನೆಯವರು ಮದುವೆಯಾದ ಹೊಸತರಲ್ಲಿ ಹೇಳಿದ್ದರು. ನಾನು ಅದನ್ನು ಹೊಗಳಿಕೆ ಎಂದು ತಿಳಿದಿದ್ದೆ.

ನನ್ನ ತಂದೆ ಅಲ್ಲಿನ ಕಾರ್ಖಾನೆಯಲ್ಲಿದ್ದರು. ಪಾಳಿಯ ಸೈರನ್ನಿಗೆ ನಾವು ಭೋಂಗಾ ಎನ್ನುತ್ತಿದ್ದೆವು; ಭೋಂಗಾ ಕೂಗಿದಾಗ ಏಳುವುದು, ಭೋಂಗಾ ಕೂಗಿದಾಗ ಉಣ್ಣುವುದು. ಭಾನುವಾರ ಭೋಂಗಾ ಇಲ್ಲದೆ ನಮಗೆ ಹಸಿವೆಯೇ ಆಗುತ್ತಿರಲಿಲ್ಲ. ಆಮೇಲೆ ಶಿಕ್ಷಕಿಯರ ತರಬೇತಿ, ಅಲ್ಲಿನ ಹಾಸ್ಟೆಲು, ಅಲ್ಲೂ ಗಂಟೆ. ಬೆಳಿಗ್ಗೆ ಹಾಜರಿ, ಸಂಜೆ ಹಾಜರಿ. ಹೆಸರು ಕೂಗಿದ ಕೂಡಲೆ "ಹಾಜರ್" ಎನ್ನಬೇಕು. ಹೆಸರು ಕೂಗದಿದ್ದರೆ ನೀವು ಎದುರಿಗೇ ನಿಂತಿದ್ದರೂ ಇಲ್ಲದಂತೆಯೇ ಲೆಕ್ಕ. ಈ ಮಾತು ನನ್ನ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ಮುಂದೆ ಅದರಿಂದಲೇ ನನಗೆ ತೊಂದರೆಯಾಯಿತು.

ನನ್ನ ಹೆಸರು ಶರಣಮ್ಮ. ಸೇಡಂಗೆ ಸೊಸೆಯಾಗಿ ಹೋದೆ. ಮಾವನ ಹೆಸರು ಶರಣಪ್ಪ.

ಇಷ್ಟು ಹೇಳಿದರೆ ನಮ್ಮ ಕಡೆಯ ಹೆಂಗಸರಿಗೆ ಮುಂದಿನದು ತಿಳಿಯುತ್ತದೆ. ಬೇರೆಯವರಿಗಾಗಿ ಬಿಡಿಸಿ ಹೇಳುತ್ತೇನೆ. ನಮ್ಮ ಅತ್ತೆ ಚಂದಮ್ಮ ಗಂಡನ ಹೆಸರನ್ನು ಬಾಯಿಯಿಂದ ಆಡುತ್ತಿರಲಿಲ್ಲ. ಆಗಿನ ಕಾಲದಲ್ಲಿ ಯಾವ ಹೆಂಗಸೂ ಆಡುತ್ತಿರಲಿಲ್ಲ, ಆದರೆ ನಮ್ಮ ಅತ್ತೆ ಬೇರೆಯವರಿಗಿಂತ ಒಂದು ಹೆಜ್ಜೆ ಮುಂದೆ. ಆ ಹೆಸರಿನ ತುಂಡು ಎಲ್ಲಿ ಕಂಡರೂ ಅದನ್ನು ದಾಟಿಕೊಂಡು ಹೋಗುವವರು. ಓಣಿಯವರೆಲ್ಲ ಎದುರಾದಾಗ "ಶರಣ್ರಿ" ಎಂದರೆ ಅತ್ತೆ "ಕೈ ಮುಗೀತೀನ್ರಿ" ಎನ್ನುವರು. ಇನ್ನು ಸೊಸೆಯನ್ನು ಶರಣಮ್ಮ ಎಂದು ಕರೆಯುವುದು ಹೇಗೆ?

ಮದುವೆಯ ದಿನವೇ ಅತ್ತೆ ಒಂದು ದಾರಿ ಹುಡುಕಿದ್ದರು. "ಹುಡುಗಿ ಹೆಸರು ಬದಲ ಮಾಡೋಣ, ಗೌರಮ್ಮ ಅಂತ ಇಡೋಣ" ಎಂದರು. ಬಹಳ ಮನೆಗಳಲ್ಲಿ ಹಾಗೆ ಮಾಡುತ್ತಿದ್ದರು. ನಾನು ಮದುಮಗಳ ಬಾಸಿಂಗ ಕಟ್ಟಿಕೊಂಡೇ ತಲೆ ಎತ್ತಿ, "ನನ್ನ ಸರ್ಟಿಫಿಕೇಟಿನಾಗ ಶರಣಮ್ಮ ಅದರಿ" ಎಂದುಬಿಟ್ಟೆ. ಮದುಮಗಳು ಮಾತಾಡಿದ್ದೇ ಒಂದು ಗುಲ್ಲಾಯಿತು. ಮಾವ ನಕ್ಕು, "ಇರ್ಲಿ ಬಿಡ್ರಿ, ನನ್ನ ಹೆಸರು ಇಬ್ಬರಿಗೂ ಸಾಕಾಗ್ತದ" ಎಂದು ಮಾತು ಮುಗಿಸಿದರು. ಅತ್ತೆ ಆಮೇಲೆ ನನ್ನನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ.

ಸೊಸೆಗೆ ಹೆಸರಿಲ್ಲದೆ ಸಂಸಾರ ನಡೆಯುವುದಿಲ್ಲ ಎಂದು ತಿಳಿಯಬೇಡಿ. ಚೆನ್ನಾಗಿಯೇ ನಡೆಯುತ್ತದೆ. ಎದುರಿಗಿದ್ದರೆ "ಏನಬೇ", ಇನ್ನೊಬ್ಬರ ಮುಂದೆ "ಇಕಿ", ಸಿಟ್ಟು ಬಂದರೆ "ಶಹಾಬಾದದಾಕಿ". ಹಿತ್ತಲಲ್ಲಿದ್ದರೆ ಅತ್ತೆ ಸೌಟಿನಿಂದ ತಾಟು ಬಡಿಯುವರು. ಒಂದು ಸಲ ಬಡಿದರೆ ಬಾ ಎಂದು, ಎರಡು ಸಲ ಬಡಿದರೆ ನೀರು ತಗೊಂಡು ಬಾ ಎಂದು. ನಾನು ಭೋಂಗಾದ ಊರಿನವಳು. ತಾಟಿನ ಸದ್ದಿಗೆ ಓಡುವುದು ನನಗೆ ಕಷ್ಟವಾಗಲಿಲ್ಲ. ಮನೆಯವರು ತಮ್ಮ ತಂದೆಯ ಹೆಸರು ಹೇಳುವ ಹಾಗಿಲ್ಲ, ಹೀಗಾಗಿ ನನ್ನದನ್ನೂ ಹೇಳುವ ಹಾಗಿಲ್ಲ. "ಇಲ್ಲಿ ಕೇಳು" ಎನ್ನುವರು. ಹೆಸರು ಹಿಡಿದು ಕರೆಯಲು ಅಡ್ಡಿಯಿಲ್ಲದವರು ಮಾವ ಒಬ್ಬರೇ, ಅವರು ನನ್ನನ್ನು "ಯವ್ವಾ" ಎನ್ನುತ್ತಿದ್ದರು.

ಹಗಲೆಲ್ಲ ನಾನು ಶಾಲೆಯಲ್ಲಿ ಹುಡುಗಿಯರ ಹೆಸರು ಕೂಗುವೆ. ಮಹಾದೇವಿ, ಹಾಜರ್. ನಾಗಮ್ಮ, ಹಾಜರ್. ಸಂಜೆ ಮನೆಗೆ ಬಂದರೆ ನನ್ನ ಹೆಸರು ಕೂಗುವವರಿಲ್ಲ. ಈ ಮನೆಯ ಹಾಜರಿಯಲ್ಲಿ ನಾನಿಲ್ಲ ಎಂದು ನನಗೆ ಅನ್ನಿಸುತ್ತಿತ್ತು. ರೂಢಿ ನನಗೆ ತಿಳಿಯದ್ದಲ್ಲ. ಆದರೆ ಮನಸ್ಸಿದ್ದರೆ ಅವ್ವಿ ಎನ್ನಬಹುದು, ಮಗಾ ಎನ್ನಬಹುದು. ಹೆಸರು ಬದಲಿಸಿಕೊಳ್ಳಲಿಲ್ಲವೆಂದು ಅತ್ತೆ ನನ್ನ ಮೇಲೆ ಹಟ ಸಾಧಿಸುತ್ತಿದ್ದಾರೆ ಎಂದೇ ನಾನು ತೀರ್ಮಾನಿಸಿದ್ದೆ. ಒಂದೇ ಒಂದು ಸಲ ಆ ಬಾಯಿಂದ ನನ್ನ ಹೆಸರು ಬರಲಿ ಎಂಬ ಆಸೆ ಮಾತ್ರ ಹೋಗಿರಲಿಲ್ಲ.

ಆಗ ಚಿಂಚೋಳಿ ಕಾಡಿನ ಚಂದ್ರಂಪಳ್ಳಿಯಲ್ಲಿ ಕೆರೆ ಕಟ್ಟುವ ಕೆಲಸ ನಡೆದಿತ್ತು. ಮನೆಯವರು ಅಲ್ಲಿ ಗುಮಾಸ್ತರು. ತಗಡಿನ ಕ್ವಾರ್ಟರ್ಸಿನಲ್ಲಿ ಇದ್ದರು. ದೀಪಾವಳಿ ರಜೆಯಲ್ಲಿ ಅತ್ತೆ, ಮಾವ, ನಾನು ಅಲ್ಲಿಗೆ ಹೋದೆವು. ಅತ್ತೆಯ ತವರು ಹತ್ತಿರದ ಐನಾಪುರ. ತಗಡಿನ ಮನೆಗೆ ಕಾಲಿಟ್ಟ ಗಳಿಗೆಯಿಂದ ಅತ್ತೆಯ ನಡಿಗೆಯೇ ಬದಲಾಯಿತು. ಸೇಡಂನಲ್ಲಿ ಮಂಡಿ ನೋವೆನ್ನುತ್ತಿದ್ದವರು ಅಂದು ಗುಡ್ಡದ ಕಡೆ ಕೈ ಮಾಡಿ, "ನಾಳೆ ಕಲ್ಲಗಸಿಗೆ ಹೋಗೋಣು" ಎಂದರು.

ಊರ ಹೆಬ್ಬಾಗಿಲಿಗೆ ನಮ್ಮ ಕಡೆ ಅಗಸಿ ಎನ್ನುತ್ತಾರೆ. ಕಾಡಿನಲ್ಲಿ ಊರಿಲ್ಲ, ಆದರೆ ಅಗಸಿ ಇದೆ. ಯಾರೂ ಕಟ್ಟಿದ್ದಲ್ಲ, ಕಲ್ಲೇ ಕಮಾನಾಗಿ ನಿಂತಿದೆ ಎಂದರು ಅತ್ತೆ. ಹುಡುಗಿಯಾಗಿದ್ದಾಗ ದನ ಹೊಡೆದುಕೊಂಡು ಅದರೊಳಗಿಂದ ಹಾಯ್ದು ಹೋಗುತ್ತಿದ್ದರಂತೆ. ನಾನು ನಂಬಲಿಲ್ಲ. ಕಲ್ಲು ಬಾಗುವುದೆಂದರೆ ಶಹಾಬಾದದವರು ನಂಬುವ ಮಾತಲ್ಲ.

ಆದರೂ ಪ್ರವಾಸವೆಂದ ಮೇಲೆ ನನ್ನ ಕೈ ಸುಮ್ಮನಿರಲಿಲ್ಲ. ಬೆಳಗಾಗುವುದರೊಳಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿ ಸಿದ್ಧವಾಗಿದ್ದವು. ಯಾರು ಮುಂದೆ, ಯಾರು ಹಿಂದೆ, ನೀರಿನ ಚರಿಗೆ ಯಾರ ಕೈಯಲ್ಲಿ, ಎಲ್ಲವನ್ನೂ ಹೇಳಿ ಮೂವರನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದೆ. ಮಾವ ಮಗನ ಕಿವಿಯಲ್ಲಿ, "ಕವಾಯತು ಮಾಡಸ್ತಾಳೇನೋ?" ಎಂದದ್ದು ನನಗೆ ಕೇಳಿಸಿತು. ಆಗಲೂ ನನ್ನ ಕಿವಿ ಚೆನ್ನಾಗಿತ್ತು.

ದಾರಿ ಉದ್ದವೇನಲ್ಲ. ಕ್ವಾರ್ಟರ್ಸಿನ ಹಿಂದಿನ ಕೆಂಪು ದಿನ್ನೆ ಹತ್ತಿ, ಸಾಗವಾನಿ ಮರಗಳ ನಡುವೆ ದನಗಳು ತುಳಿದು ಮಾಡಿದ ಜಾಡು ಹಿಡಿದರೆ ಆಯಿತು. ಆದರೆ ನಾನು ಮಾಡಿದ ಸಾಲು ಮೊದಲ ಸೀತಾಫಲದ ಗಿಡದ ಹತ್ತಿರವೇ ಮುರಿಯಿತು. ಅತ್ತೆ ಕಣ್ಣು ಬಿಟ್ಟು ಮಾಗಿದ ಹಣ್ಣನ್ನು ಹುಡುಕುತ್ತ ಪೊದೆಯೊಳಗೆ ಹೋದರು. ಮಾವ ಒಂದು ಬಂಡೆಯ ಮೇಲೆ ಕೂತು ಎಲೆಯಡಿಕೆ ತೆಗೆದರು. ಹಣ್ಣಿನಿಂದ ತುಂಬಿದ ಸೆರಗು ಹಿಡಿದು ಹೊರಬಂದ ಅತ್ತೆ ನನ್ನ ಮುಖ ನೋಡಿ, "ಕಾಡಿನಾಗ ಗಂಟಿ ಹೊಡಿಯಂಗಿಲ್ಲಬೇ, ಜರಾ ಕೂಡು" ಎಂದರು. ನಾನು ಕೂಡಲಿಲ್ಲ. ಕೂತರೆ ರೊಟ್ಟಿಯ ಹೊತ್ತು ತಪ್ಪುತ್ತದೆ ಎಂದು ನಿಂತೇ ಇದ್ದೆ. ನಿಂತವಳ ಕೈಗೂ ಒಂದು ಹಣ್ಣು ಬಂತು. ಬೀಜ ಉಗುಳುವ ಕೆಲಸದಲ್ಲಿ ಶಿಸ್ತು ಉಳಿಯುವುದಿಲ್ಲ ಎಂಬುದು ಅಂದು ಗೊತ್ತಾಯಿತು.

ಜಾಡು ಒಂದು ತಿರುವು ತಿರುಗಿತು, ಎದುರಿಗೆ ಕಲ್ಲಗಸಿ. ನಾನು ಸೀತಾಫಲದ ಬೀಜ ನುಂಗಿಬಿಟ್ಟೆ. ಕೆಂಪು ಕಲ್ಲು, ಮೈಯೆಲ್ಲ ಜೇನುಹುಟ್ಟಿನ ಹಾಗೆ ತೂತು. ಈ ಬದಿಯ ಗುಡ್ಡದಿಂದ ಎದ್ದು, ದುಡಿದು ಬಂದ ಎತ್ತಿನ ಬೆನ್ನಿನಂತೆ ಬಾಗಿ, ಆ ಬದಿಯಲ್ಲಿ ಇಳಿದಿತ್ತು. ಮೇಲೊಂದು ಬಸರಿ ಗಿಡ ಬೇರನ್ನು ಜೋತುಬಿಟ್ಟಿತ್ತು. ಕೆಳಗೆ ಎರಡು ದನ ಜೊತೆಯಾಗಿ ಹೋಗುವಷ್ಟು ಬಾಗಿಲು, ಆ ಬಾಗಿಲಲ್ಲಿ ಆಚೆಯ ಆಕಾಶ. ಕಲ್ಲು ಬಾಗಿತ್ತು, ಒಡೆದಿರಲಿಲ್ಲ.

ನಾನು ಮುಂದೆ ನುಗ್ಗಿದೆ. ಅತ್ತೆ ಕೈ ಅಡ್ಡ ಹಿಡಿದರು.

"ಹಂಗ ಹೋಗಬಾರದು. ಆಚೆ ಇದ್ದವರು ಹೆಸರ ಹಿಡದು ಕರೀಬೇಕು, ಆಮ್ಯಾಲ ಹೋಗಬೇಕು."

ಅದು ಐನಾಪುರದ ದನಗಾಹಿಗಳ ಪದ್ಧತಿಯಂತೆ. ಮೊದಲು ಹಾಯುವವರು ತಮ್ಮ ಹೆಸರನ್ನು ತಾವೇ ಹೇಳಿಕೊಂಡು ಹೋಗಬೇಕು. ಆಮೇಲೆ ಆಚೆ ನಿಂತು ಒಂದೊಂದು ದನವನ್ನೂ, ಒಬ್ಬೊಬ್ಬ ಮನುಷ್ಯನನ್ನೂ ಹೆಸರಿಂದ ಕರೆಯಬೇಕು. ಆಗ ಯಾರೂ ಕಾಡಿನಲ್ಲಿ ಉಳಿಯುವುದಿಲ್ಲ.

"ಕರೀಲಾರದ ಹೋದ್ರ ಏನಾಗ್ತದರಿ?" ಎಂದೆ.

"ಕರೀಲಾರದ ಬಂದಾಕಿ ಅರ್ಧ ಅಲ್ಲೇ ಉಳೀತಾಳ."

ಹೀಗೆಂದು ಅತ್ತೆ ಸೆರಗು ಬಿಗಿದು, "ನಾನು ಚಂದಮ್ಮ, ಐನಾಪುರದಾಕಿ" ಎಂದು ಕಲ್ಲಿಗೆ ಕೇಳುವಂತೆ ಹೇಳಿ ಆಚೆ ಹೋದರು. ಅಲ್ಲಿಂದ ಮಗನನ್ನು ಹೆಸರು ಹಿಡಿದು ಕರೆದರು. ಅವರು ಹೋದರು. ಆ ಹೆಸರು ಯಾವುದೆಂದು ಕೇಳಬೇಡಿ. ಅತ್ತೆಯ ರೂಢಿಗೆ ನಗುವ ನಾನು ಆ ಹೆಸರನ್ನು ಇವತ್ತಿಗೂ ರೇಷನ್ ಕಾರ್ಡು ತೋರಿಸಿಯೇ ಹೇಳುವುದು.

ಈಚೆ ಉಳಿದವರು ಮಾವ ಮತ್ತು ನಾನು.

ಆಚೆಯಿಂದ ಕರೆ ಬರಲಿಲ್ಲ. ಕಮಾನಿನೊಳಗಿಂದ ಅತ್ತೆಯ ಮುಖ ಕಾಣುತ್ತಿತ್ತು. ತಾವೇ ಹೇಳಿದ ಪದ್ಧತಿ ತಮ್ಮನ್ನು ಎಲ್ಲಿ ತಂದು ನಿಲ್ಲಿಸಿತೆಂದು ಅವರಿಗೆ ಈಗ ಹೊಳೆದಿತ್ತು. ಕೊನೆಯ ಸಲ ಇಲ್ಲಿಗೆ ಬಂದಾಗ ಅವರಿಗೆ ಮದುವೆಯಾಗಿರಲಿಲ್ಲ. ಹೇಳಬಾರದ ಹೆಸರು ಒಂದೂ ಇರಲಿಲ್ಲ.

"ಹೋಗ್ಲಿ ಬಿಡವ್ವಾ, ಬರ್ಲಿ ಹಂಗೇ. ಇದೇನು ಕೋರ್ಟೇನು?" ಎಂದರು ಮನೆಯವರು.

"ಸುಮ್ಮನಿರು. ಪದ್ಧತಿ ಅಂದ್ರ ಪದ್ಧತಿ."

ಈ ಮಾತಿನಲ್ಲಿ ನಾನು ಅತ್ತೆಯ ಕಡೆಯೇ. ನಿಯಮ ಮುರಿದು ದಾಟುವುದು ನನ್ನಿಂದಲೂ ಆಗುವ ಕೆಲಸವಲ್ಲ. ಆದರೆ ಎದೆಯೊಳಗೆ ಬೇರೆಯೇ ಒಂದು ಹಟ ಎದ್ದಿತ್ತು. ಕರೆಯಲಿ, ಇಲ್ಲವೆಂದರೆ ನಾನು ಈಚೆಯೇ ಇರುತ್ತೇನೆ. ಹೇಗೂ ಆ ಮನೆಯಲ್ಲಿ ನಾನು ಅರ್ಧವೇ ತಾನೆ. ಕಣ್ಣಲ್ಲಿ ನೀರು ಬಂತು. ಸೀತಾಫಲದ ಸಿಪ್ಪೆ ಕೈಯಲ್ಲಿದ್ದುದರಿಂದ ಒರೆಸಿಕೊಳ್ಳಲಿಲ್ಲ.

ಮಾವ ನನ್ನನ್ನು ನೋಡಿದರು. ಆಮೇಲೆ ಕಮಾನಿನ ಕಡೆ ನೋಡಿದರು. ಎಲೆಯಡಿಕೆ ಉಗುಳಿ, ಧೋತರದ ಅಂಚು ಎತ್ತಿಕೊಂಡು, ಆಚೆಗೂ ಕೇಳುವಂತೆ ಗಟ್ಟಿಯಾಗಿ ಹೇಳಿದರು:

"ಯವ್ವಾ, ನಾ ಹಿಂದಿನ ಸೀತಾಫಲದ ಗಿಡದ ತನಕ ಹೋಗಲಿಕತ್ತೀನಿ. ನಾ ಇಲ್ಲಿಲ್ಲ. ನನಗೇನೂ ಕೇಳಸಂಗಿಲ್ಲ. ಯಾರು ಯಾರಿಗೆ ಏನರ ಅನ್ಲಿ."

"ನೀವು ಆಚೆ ನೋಡಂಗಿಲ್ಲೇನ್ರಿ ಮಾವಾರ?" ಎಂದೆ. ಬೆಳಿಗ್ಗೆಯಿಂದ ಆಚೆಯ ಕೆರೆಯ ನೀರು ನೋಡಬೇಕೆಂದು ಎಲ್ಲರಿಗಿಂತ ಹೆಚ್ಚು ಕುಣಿದವರು ಅವರೇ.

"ನೀರಿನಾಗ ನೋಡೂದೇನದ, ನೀರೇ ಇರ್ತದ" ಎಂದು ಅವರು ತಿರುವಿನಾಚೆ ಮರೆಯಾದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಭಜನೆ ಕೇಳಿಸತೊಡಗಿತು. ಮಾವನಿಗೆ ರಾಗವೂ ಬಾರದು, ತಾಳವೂ ಬಾರದು. ಕಿವಿಯಲ್ಲಿ ಬೆರಳಿಟ್ಟುಕೊಂಡು ಹಾಡುವವರ ದನಿ ಹೇಗಿರುತ್ತದೋ ಹಾಗಿತ್ತು.

ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಮುಖವನ್ನು ನನ್ನ ಕಡೆಯಿಂದ ಕಲ್ಲಿನ ಕಡೆಗೆ ತಿರುಗಿಸಿದರು. ಮಗನಿಗೆ, "ನೀ ಆ ಕಡೆ ನೋಡು" ಎಂದರು. ತುಟಿ ಎರಡು ಸಲ ಅಲುಗಿ ನಿಂತವು. ಆಮೇಲೆ ಬಂತು, ತೀರ ಸಣ್ಣ ದನಿಯಲ್ಲಿ, ಹೊಸದಾಗಿ ಅಕ್ಷರ ಕೂಡಿಸಿ ಓದುವ ಹುಡುಗಿಯ ಹಾಗೆ:

"ಶರಣಮ್ಮಾ. ಬಾ."

"ಹಾಜರ್" ಎಂದೆ.

ಅದು ಹೇಗೆ ಬಾಯಿಂದ ಬಂತೋ ಕಾಣೆ. ಮನೆಯವರು ಆ ಕಡೆ ನೋಡುತ್ತಲೇ ಹೆಗಲು ಕುಣಿಸಿ ನಕ್ಕರು. ನಾನು ಕಮಾನಿನ ಕೆಳಗೆ ಹೋದೆ. ಒಳಗೆ ಹಸಿ ಮಣ್ಣಿನ ತಂಪು. ಬಸರಿಯ ಬೇರು ಹಣೆಗೆ ತಾಗಿತು. ಆಚೆ ಕಾಲಿಟ್ಟ ಕೂಡಲೆ ಅತ್ತೆ ನನ್ನ ಮೊಣಕೈ ಹಿಡಿದು ಎಳೆದುಕೊಂಡರು, ದನದ ಕರುವನ್ನು ಎಳೆದುಕೊಳ್ಳುವ ಹಾಗೆ.

ಕೆಳಗೆ ಕಣಿವೆ, ಅರ್ಧ ಎದ್ದ ಒಡ್ಡು, ಅದರ ಹಿಂದೆ ಆ ವರ್ಷದ ಮಳೆಯ ನೀರು ಬೆಳ್ಳಗೆ ನಿಂತಿತ್ತು. ನಾವು ರೊಟ್ಟಿ ಬಿಚ್ಚಿದೆವು. ಮಾವನ ಪಾಲನ್ನು ಅತ್ತೆ ಮೊದಲೇ ತೆಗೆದಿಟ್ಟರು. ಮನೆಯವರು ಒಡ್ಡಿನ ಮೇಲೆ ತಮ್ಮ ಕಚೇರಿ ಎಲ್ಲಿದೆ ಎಂದು ಹುಡುಕುತ್ತ ಸ್ವಲ್ಪ ಕೆಳಗಿಳಿದಾಗ ಅತ್ತೆ ನನ್ನ ಕಡೆ ನೋಡದೆ ಅಂದರು:

"ಹೆಸರು ಬದಲ ಮಾಡೋಣ ಅಂದಿದ್ದು ನಿನ್ನ ಕರೀಬೇಕಂತನೇ. ಬಾಯ್ತುಂಬ ಕರೀಲಿಕ್ಕ ನನಗೊಂದು ಹೆಸರು ಬೇಕಾಗಿತ್ತು. ನೀ ಕೊಡ್ಲಿಲ್ಲ."

ನನ್ನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. ಹಟವೆಂದು ನಾನು ತಿಳಿದದ್ದು ಕರೆಯುವ ಹಸಿವೆಯಾಗಿತ್ತು. ಅವ್ವಿ, ಮಗಾ ಎಂದೇಕೆ ಕರೆಯಲಿಲ್ಲ ಎಂದು ಕೇಳಿದೆ. "ಅವು ಎಲ್ಲಾರಿಗೂ ಅನ್ನೂವಲ್ಲೇನು? ಓಣಿಯಾಗಿನ ಹುಡುಗ್ಯಾರಿಗೂ ಅಂತೀನಿ" ಎಂದರು. ಇಷ್ಟು ಸರಳವಾದ ಮಾತು. ನಾನು ಹಿಂಡಿಯ ಬಟ್ಟಲನ್ನು ಅವರ ಕಡೆ ಸರಿಸಿದೆ. ಅವರು ಅದರಲ್ಲಿ ಅರ್ಧವನ್ನು ನನ್ನ ರೊಟ್ಟಿಗೇ ಹಚ್ಚಿದರು.

ಮರಳುವ ಹೊತ್ತಾಯಿತು. ಅತ್ತೆ ಕಮಾನಿನ ಬಳಿ ಬಂದು ನಿಂತರು, ಒಳಗೆ ಹೋಗಲಿಲ್ಲ. ಬರುವಾಗಿನ ಪದ್ಧತಿ ಹೋಗುವಾಗಲೂ ಉಂಟು. ಆಚೆ ಇದ್ದವರೇ ಕರೆಯಬೇಕು. ಈಗ ಆಚೆ ಇದ್ದವರು ಮಾವ ಒಬ್ಬರೇ. ಭಜನೆ ಮುಗಿಸಿ ಬಂದು ಅಗಸಿಯ ಬಾಯಲ್ಲಿ ನಿಂತಿದ್ದರು.

"ಬರ್ರಿ ಎಲ್ಲಾರು, ಹೊತ್ತಾತು" ಎಂದು ಕೂಗಿದರು.

"ಹೆಸರ ಹಿಡದು ಕರೀಬೇಕಂತ ಹೇಳು" ಎಂದು ಅತ್ತೆ ನನಗೆ ಹೇಳಿದರು. ನಾನು ಕೂಗಿ ಹೇಳಿದೆ. ಮಾವ ಮಗನನ್ನು ಕರೆದರು, ಮಗ ಹೋದರು. ಆಮೇಲೆ ಮಾವ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಗಂಡಸರೂ ಆಗ ಹೆಂಡತಿಯ ಹೆಸರು ಹಿಡಿಯುತ್ತಿರಲಿಲ್ಲ. ಮನೆಯಲ್ಲಿ ಮಾವನ ಕರೆ ಎಂದರೆ ಒಂದು ಕೆಮ್ಮು. ಕೆಮ್ಮಿದರೆ ಅತ್ತೆ ಚಹ ತರುವರು. ಅಲ್ಲಿಯೂ ಒಂದು ಸಲ ಕೆಮ್ಮಿ ನೋಡಿದರು. ಅತ್ತೆ ಅಲ್ಲೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟರು. ನಾನೂ ಪಕ್ಕದಲ್ಲಿ ಕೂತೆ.

ಐನಾಪುರ ಬಿಟ್ಟ ಮೇಲೆ ಇವರನ್ನು ಹೆಸರಿನಿಂದ ಕರೆದವರು ಯಾರು ಎಂದು ನನಗೆ ಆಗ ಮೊದಲ ಸಲ ಹೊಳೆಯಿತು. ಸೇಡಂನಲ್ಲಿ ಅವರು ಅವ್ವ, ಅತ್ತಿ, ಕಾಕಿ, ಇಲ್ಲವೇ ಒಂದು ಕೆಮ್ಮು.

"ಚಂದಮ್ಮಾ" ಎಂಬ ಮಾತು ಕಮಾನಿನೊಳಗಿಂದ ಬಂತು.

ನಾನು ಎದ್ದೆ. ಅತ್ತೆ ಏಳಲಿಲ್ಲ. ನನ್ನ ಮಣಿಕಟ್ಟು ಹಿಡಿದು ಕೂರಿಸಿದರು. ನೀರಿನ ಕಡೆ ನೋಡುತ್ತಿದ್ದರು, ಮುಖದ ಮೇಲೆ ಬಿಸಿಲಿತ್ತು.

"ಕೇಳಿಸಲಿಲ್ಲಂತ ಹೇಳು" ಎಂದರು ಮೆಲ್ಲಗೆ.

"ಮಾವಾರ, ಅತ್ತಿಗೆ ಕೇಳಿಸಲಿಲ್ಲಂತರಿ" ಎಂದು ಕೂಗಿದೆ.

ಆಚೆಯಿಂದ ಮನೆಯವರು ನಕ್ಕ ಸದ್ದು ಬಂತು. ಆಮೇಲೆ ಮಾವನ ದನಿ, ಈ ಸಲ ಹೊಲದಿಂದ ಹೊಲಕ್ಕೆ ಕೂಗುವ ದನಿ; ಕಲ್ಲೂ ಅದನ್ನೊಮ್ಮೆ ತಿರುಗಿ ಹೇಳಿತು. ಅತ್ತೆ ಎದ್ದರು. ಸೀರೆಯ ಮಣ್ಣು ಕೊಡವಿದರು, ಸೆರಗು ಸರಿಮಾಡಿಕೊಂಡರು. ಅವಸರವೇನೂ ಇರಲಿಲ್ಲ.

ಸೇಡಂಗೆ ಮರಳಿದ ಮೇಲೆ ಮತ್ತೆ ಅದೇ ತಾಟು, ಅದೇ ಕೆಮ್ಮು, ಅದೇ ಏನಬೇ. ನನಗೆ ಅದರಿಂದ ಏನೂ ಅನ್ನಿಸಲಿಲ್ಲ. ತಾಟಿನ ಸದ್ದಿನಲ್ಲೇ ಹೆಸರು ಕೇಳಿಸುವುದಕ್ಕೆ ಕಲಿತಿದ್ದೆ. ಈಗ ಅತ್ತೆ ಇಲ್ಲ, ಮಾವ ಇಲ್ಲ. ಕಲ್ಲಗಸಿ ಇದ್ದಲ್ಲೇ ಇರಬೇಕು.

ಮೊನ್ನೆ ದವಾಖಾನೆಯಲ್ಲಿ ಕಂಪೌಂಡರು ಬಾಗಿಲಲ್ಲಿ ನಿಂತು "ಶರಣಮ್ಮ" ಎಂದು ಕೂಗಿದರು. ಮಗಳು ಮೊಣಕೈಯಿಂದ ತಿವಿದಳು.

"ತಡಿ, ಮತ್ತೊಮ್ಮೆ ಕರೀಲಿ" ಎಂದೆ.